ದೊಡ್ಡ ಹೆಸರಿನ ಕಾಲೇಜೋ, ಮಗು ಎದ್ದು ಕಾಣುವ ಕಾಲೇಜೋ?

ಮಾರ್ಚ್ ತಿಂಗಳ ಕೊನೆ ಬಂತೆಂದರೆ ಅಮೆರಿಕದ ನಮ್ಮ ಕನ್ನಡ ಮನೆಗಳಲ್ಲಿ ಯುಗಾದಿಯ ಸಂಭ್ರಮದ ಜೊತೆಗೆ ಇನ್ನೊಂದು ಕಾತರವೂ ಸೇರಿಕೊಳ್ಳುತ್ತದೆ. ಹೈಸ್ಕೂಲಿನ ಕೊನೆಯ ವರ್ಷದಲ್ಲಿರುವ ಮಕ್ಕಳಿಗೆ ಕಾಲೇಜುಗಳಿಂದ ಉತ್ತರ ಬರುವ ಕಾಲ ಅದು. ಬೇವೂ ಬರುತ್ತದೆ, ಬೆಲ್ಲವೂ ಬರುತ್ತದೆ. ಸಾಮಾನ್ಯವಾಗಿ ಮೇ 1ರೊಳಗೆ ಯಾವುದಾದರೂ ಒಂದು ಕಾಲೇಜಿಗೆ ಒಪ್ಪಿಗೆ ತಿಳಿಸಿ ಮುಂಗಡ ಕಟ್ಟಬೇಕು. ಯೋಚಿಸಲು ಸಿಗುವುದು ನಾಲ್ಕೈದು ವಾರ ಮಾತ್ರ.

ಆ ನಾಲ್ಕೈದು ವಾರಗಳಲ್ಲಿ ಅನೇಕ ಮನೆಗಳ ಊಟದ ಮೇಜಿನ ಮೇಲೆ ಎರಡು ಪತ್ರಗಳು ಎದುರುಬದುರಾಗಿ ಕೂತಿರುತ್ತವೆ. ಒಂದು, ಹೆಸರು ಹೇಳಿದರೆ ಧಾರವಾಡದಲ್ಲಿರುವ ಅಜ್ಜಿಗೂ ಗೊತ್ತಾಗುವಂಥ ಕಾಲೇಜಿನದು. ಪ್ರವೇಶ ಸಿಕ್ಕಿದೆ, ಆದರೆ ಪೂರ್ತಿ ಖರ್ಚು ನಮ್ಮದೇ. ಇನ್ನೊಂದು, ನಮ್ಮದೇ ರಾಜ್ಯದ ಸ್ಟೇಟ್ ಯೂನಿವರ್ಸಿಟಿಯದೋ ಊರ ಕಡೆ ಯಾರೂ ಕೇಳಿರದ ಸಣ್ಣ ಕಾಲೇಜಿನದೋ ಆಗಿರುತ್ತದೆ. ಅಲ್ಲಿ ನಮ್ಮ ಮಗು ಮೊದಲ ಸಾಲಿನ ವಿದ್ಯಾರ್ಥಿ. ಆನರ್ಸ್ ಕಾಲೇಜಿಗೆ ಕರೆ, ಜೊತೆಗೆ ಸ್ಕಾಲರ್‌ಶಿಪ್. ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ, ಮಗು ನಡುವೆ.

ಈ ಪ್ರಶ್ನೆಗೆ ಎಲ್ಲ ಮನೆಗೂ ಒಪ್ಪುವ ಒಂದೇ ಉತ್ತರವಿಲ್ಲ. ಆದರೆ ಕಳೆದ ಕೆಲವು ದಶಕಗಳಲ್ಲಿ ಈ ಬಗ್ಗೆ ಸಾಕಷ್ಟು ಅಧ್ಯಯನ ನಡೆದಿದೆ. ತಿಳಿದುಬಂದಿರುವ ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ನಿರ್ಧಾರವನ್ನು ಆತಂಕದ ಬದಲು ಲೆಕ್ಕಾಚಾರದಿಂದ ಮಾಡಲು ಸಾಧ್ಯ. ಆ ಪ್ರಯತ್ನವೇ ಈ ಲೇಖನ.

ಹೆಸರಿನ ಮೋಹ ಎಲ್ಲಿಂದ ಬಂತು?

ನಮ್ಮ ಪೀಳಿಗೆಯ ಹೆಚ್ಚಿನವರು ಕರ್ನಾಟಕದಲ್ಲಿ ಪಿ.ಯು.ಸಿ. ಅಂಕ, ಸಿ.ಇ.ಟಿ. ರ‍್ಯಾಂಕು, ಸೀಟು ಎಂಬ ಮೂರು ಪದಗಳ ನಡುವೆ ಬೆಳೆದು ಬಂದವರು. ಒಂದು ಪರೀಕ್ಷೆ, ಒಂದು ಸಂಖ್ಯೆ. ಆ ಸಂಖ್ಯೆಯೇ ಕಾಲೇಜನ್ನು ತೀರ್ಮಾನಿಸುತ್ತಿತ್ತು. ಯಾವ ಕಂಪನಿಗಳು ಸಂದರ್ಶನಕ್ಕೆ ಬರುತ್ತವೆ ಎಂಬುದನ್ನು ಕಾಲೇಜು ತೀರ್ಮಾನಿಸುತ್ತಿತ್ತು. ಹದಿನೇಳನೆಯ ವಯಸ್ಸಿನಲ್ಲಿ ಆರಿಸಿಕೊಂಡ ಬ್ರಾಂಚಿನಿಂದ ಆಮೇಲೆ ಆಚೆ ಬರುವುದು ಸುಲಭವಿರಲಿಲ್ಲ. ಅಂಥ ವ್ಯವಸ್ಥೆಯಲ್ಲಿ ಕಾಲೇಜಿನ ಹೆಸರಿಗೆ ಬೆಲೆ ಕೊಟ್ಟದ್ದು ತಪ್ಪಲ್ಲ. ಸುರತ್ಕಲ್ಲು, ಯು.ವಿ.ಸಿ.ಇ., ಆರ್.ವಿ. ಎಂದರೆ ಸಾಕಿತ್ತು, ಮುಂದಿನ ಪ್ರಶ್ನೆ ಯಾರೂ ಕೇಳುತ್ತಿರಲಿಲ್ಲ.

ಆ ವ್ಯವಸ್ಥೆಯ ಒಳಗೂ ಬೇರೆ ದಾರಿಗಳಿದ್ದವು ಎಂಬುದನ್ನು ಮರೆಯಬಾರದು. ಎನ್.ಆರ್. ನಾರಾಯಣಮೂರ್ತಿಯವರು ಬಿ.ಇ. ಓದಿದ್ದು ಮೈಸೂರಿನ ಎನ್.ಐ.ಇ.ಯಲ್ಲಿ, ಐ.ಐ.ಟಿ. ಕಾನ್ಪುರಕ್ಕೆ ಹೋದದ್ದು ಆಮೇಲೆ, ಎಂ.ಟೆಕ್. ಪದವಿಗೆ. ಸುಧಾ ಮೂರ್ತಿಯವರು ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಬಿ.ಇ. ಮುಗಿಸಿ ನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋದರು. ಭಾರತರತ್ನ ಸಿ.ಎನ್.ಆರ್. ರಾವ್ ಅವರು ಮೈಸೂರು ವಿಶ್ವವಿದ್ಯಾನಿಲಯದಿಂದ ಬಿ.ಎಸ್ಸಿ. ಪಡೆದು, ಬನಾರಸ್ಸಿನಲ್ಲಿ ಎಂ.ಎಸ್ಸಿ. ಮಾಡಿ, ಆನಂತರ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1958ರಲ್ಲಿ ಪಿಎಚ್.ಡಿ. ಪಡೆದರು. ಮೂರು ಜನರ ಕತೆಯಿಂದ ನಿಯಮವೇನೂ ಸಿದ್ಧವಾಗುವುದಿಲ್ಲ, ನಿಜ. ಆದರೆ ಮೊದಲ ಪದವಿ ಹತ್ತಿರದ ಕಾಲೇಜಿನಲ್ಲಿ, ಎರಡನೆಯದು ದೊಡ್ಡ ಸಂಸ್ಥೆಯಲ್ಲಿ ಎಂಬ ದಾರಿ ನಮ್ಮವರಿಗೆ ಹೊಸದಲ್ಲ. ಅಮೆರಿಕದಲ್ಲಂತೂ ಆ ದಾರಿ ಇನ್ನೂ ಅಗಲ. ಇಲ್ಲಿ ಅನೇಕ ಕಡೆ ಓದುವ ವಿಷಯ ಬದಲಿಸಬಹುದು, ಎರಡು ವರ್ಷದ ನಂತರ ಕಾಲೇಜನ್ನೇ ಬದಲಿಸಬಹುದು, ಮಾಸ್ಟರ್ಸ್ ಪದವಿಗೆ ಬೇರೆಡೆಗೆ ಹೋಗಬಹುದು.

ಹೆಸರಿನಿಂದ ಸಂಪಾದನೆ ಹೆಚ್ಚುತ್ತದೆಯೇ?

ಹೆಸರಾಂತ ಕಾಲೇಜುಗಳಲ್ಲಿ ಓದಿದವರು ಸರಾಸರಿಯಾಗಿ ಹೆಚ್ಚು ಸಂಪಾದಿಸುತ್ತಾರೆ. ಇದರಲ್ಲಿ ಸಂಶಯವಿಲ್ಲ. ಪ್ರಶ್ನೆ ಇರುವುದು ಕಾರಣದ ಬಗ್ಗೆ. ಬೆಳೆ ಚೆನ್ನಾಗಿ ಬಂದರೆ ಅದು ಹೊಲದ ಗುಣವೋ ಬೀಜದ ಗುಣವೋ? ಆ ಕಾಲೇಜುಗಳು ಮೊದಲೇ ಒಳ್ಳೆಯ ಬೀಜವನ್ನೇ ಆರಿಸಿಕೊಂಡಿರುತ್ತವಲ್ಲ!

ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಬಿಡಿಸಲು ಒಂದು ಜಾಣ ಉಪಾಯ ಮಾಡಿದರು. 1976ರಲ್ಲಿ ಕಾಲೇಜು ಸೇರಿದ ವಿದ್ಯಾರ್ಥಿಗಳ ಪೈಕಿ ಒಂದೇ ಮಟ್ಟದ ಕಾಲೇಜುಗಳಿಗೆ ಅರ್ಜಿ ಹಾಕಿ, ಒಂದೇ ಬಗೆಯ ಉತ್ತರ ಪಡೆದವರನ್ನು ಹೋಲಿಸಿದರು. ಅವರಲ್ಲಿ ಕೆಲವರು ಹೆಸರಾಂತ ಕಾಲೇಜಿಗೆ ಹೋಗಿದ್ದರು. ಇನ್ನು ಕೆಲವರು ಪ್ರವೇಶ ಸಿಕ್ಕಿದ್ದರೂ ಬೇರೆ ಕಾಲೇಜನ್ನು ಆರಿಸಿಕೊಂಡಿದ್ದರು. 2002ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ಈ ಎರಡು ಗುಂಪುಗಳ ಸಂಪಾದನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಅಂದರೆ, ಅಂಥ ಕಾಲೇಜಿಗೆ ಹೋಗುವ ಯೋಗ್ಯತೆ ಮತ್ತು ಹಂಬಲ ಇರುವ ಮಗು, ಅಲ್ಲಿಗೆ ಹೋಗದಿದ್ದರೂ ಹೆಚ್ಚುಕಡಿಮೆ ಅಷ್ಟೇ ಮುಂದೆ ಬಂದಿತ್ತು. ಇದಕ್ಕೆ ಒಂದು ಮುಖ್ಯ ಅಪವಾದವಿತ್ತು: ಬಡ ಕುಟುಂಬದ ಮಕ್ಕಳು. ನಂತರ 1989ರಲ್ಲಿ ಕಾಲೇಜು ಸೇರಿದವರ ಬಗ್ಗೆ ಇವರೇ ನಡೆಸಿದ ಅಧ್ಯಯನದಲ್ಲಿ, ಕಪ್ಪು ಮತ್ತು ಹಿಸ್ಪಾನಿಕ್ ವಿದ್ಯಾರ್ಥಿಗಳಿಗೆ ಹಾಗೂ ತಂದೆತಾಯಿ ಹೆಚ್ಚು ಓದಿರದ ಮನೆಯ ಮಕ್ಕಳಿಗೆ ಹೆಸರಾಂತ ಕಾಲೇಜಿನಿಂದ ನಿಜವಾದ ಲಾಭ ಕಂಡುಬಂತು. ಮನೆಯಲ್ಲಿ ಸಿಗದ ಪರಿಚಯ, ಮಾರ್ಗದರ್ಶನಗಳನ್ನು ಕಾಲೇಜು ತುಂಬಿಕೊಡುತ್ತದೆ ಎಂಬುದು ಇದಕ್ಕೆ ಕೊಡಬಹುದಾದ ಸಹಜ ವಿವರಣೆ.

ಆದರೆ ಕತೆ ಅಲ್ಲಿಗೇ ಮುಗಿಯಲಿಲ್ಲ. 2023ರಲ್ಲಿ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ ಅವರು ಎಂಟು ಐವಿ ಲೀಗ್ ಕಾಲೇಜುಗಳ ಜೊತೆಗೆ ಸ್ಟ್ಯಾನ್‌ಫರ್ಡ್, ಎಂ.ಐ.ಟಿ., ಡ್ಯೂಕ್, ಷಿಕಾಗೋ ಸೇರಿಸಿ ಹನ್ನೆರಡು ಕಾಲೇಜುಗಳನ್ನು ಪರಿಶೀಲಿಸಿದರು. ವೇಯ್ಟ್‌ಲಿಸ್ಟಿನಲ್ಲಿದ್ದು ಒಳಗೆ ಬಂದವರನ್ನು ಬಾರದವರೊಂದಿಗೆ ಹೋಲಿಸಿದರು. ಸರಾಸರಿ ಸಂಪಾದನೆಯ ಮೇಲೆ ಕಾಲೇಜಿನ ಪರಿಣಾಮ ಅಲ್ಪ ಎಂದು ಇವರೂ ಕಂಡುಕೊಂಡರು. ಆದರೆ ತುತ್ತತುದಿಯ ಮಾತು ಬೇರೆಯಾಗಿತ್ತು. ಉತ್ತಮ ಸ್ಟೇಟ್ ಯೂನಿವರ್ಸಿಟಿಗೆ ಹೋದವರಿಗಿಂತ ಈ ಹನ್ನೆರಡಕ್ಕೆ ಹೋದವರು ದೇಶದ ಅತಿ ಹೆಚ್ಚು ಸಂಪಾದಿಸುವ ನೂರಕ್ಕೊಬ್ಬರ ಗುಂಪನ್ನು ಸೇರುವ ಸಾಧ್ಯತೆ ಸುಮಾರು ಅರ್ಧದಷ್ಟು ಹೆಚ್ಚು. ಹೆಸರಾಂತ ಗ್ರಾಜುಯೇಟ್ ಸ್ಕೂಲು ಸೇರುವ ಸಾಧ್ಯತೆ ಹೆಚ್ಚುಕಡಿಮೆ ಎರಡರಷ್ಟು. ಪ್ರತಿಷ್ಠಿತ ಸಂಸ್ಥೆಗಳಲ್ಲಿ ಕೆಲಸ ಸಿಗುವ ಸಾಧ್ಯತೆ ಮೂರರಷ್ಟು.

ಎರಡನ್ನೂ ಸೇರಿಸಿ ಓದಿದಾಗ ಚಿತ್ರ ಸ್ಪಷ್ಟವಾಗುತ್ತದೆ. ಒಳ್ಳೆಯ ಕೆಲಸ, ನೆಮ್ಮದಿಯ ಬದುಕು ಬೇಕೆನ್ನುವ ಮಗುವಿಗೆ ಕಾಲೇಜಿನ ಹೆಸರು ನಾವು ಅಂದುಕೊಂಡಷ್ಟು ಮುಖ್ಯವಲ್ಲ. ವಾಲ್ ಸ್ಟ್ರೀಟ್, ದೊಡ್ಡ ಕನ್ಸಲ್ಟಿಂಗ್ ಕಂಪನಿಗಳು, ಉನ್ನತ ನ್ಯಾಯಾಲಯ, ರಾಜಕೀಯ ಮುಂತಾದ ಕೆಲವು ಬಾಗಿಲುಗಳಿಗೆ ಮಾತ್ರ ಆ ಹೆಸರು ನಿಜವಾದ ಕೀಲಿಕೈ. ನಮ್ಮ ಮಗು ತಟ್ಟಬೇಕೆಂದಿರುವುದು ಆ ಬಾಗಿಲನ್ನೇ ಎಂದು ಮೊದಲು ಕೇಳಿಕೊಳ್ಳಬೇಕು.

ಎದ್ದು ಕಾಣುವುದರಿಂದ ಆಗುವುದೇನು?

ಆಸ್ಟ್ರೇಲಿಯಾದಲ್ಲಿ ದುಡಿದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಮಾರ್ಷ್ ಅವರು 1980ರ ದಶಕದಿಂದ ಒಂದು ಸಂಗತಿಯನ್ನು ತೋರಿಸುತ್ತ ಬಂದಿದ್ದಾರೆ. ಒಂದೇ ಸಾಮರ್ಥ್ಯದ ಇಬ್ಬರು ಮಕ್ಕಳಲ್ಲಿ ಒಬ್ಬಳು ತನಗಿಂತ ಚುರುಕಾದವರೇ ತುಂಬಿರುವ ಶಾಲೆಗೆ, ಇನ್ನೊಬ್ಬಳು ಸಾಧಾರಣ ಶಾಲೆಗೆ ಹೋದರೆ, ‘ನನಗೆ ಓದು ಬರುತ್ತದೆ’ ಎಂಬ ನಂಬಿಕೆ ಎರಡನೆಯವಳಲ್ಲೇ ಹೆಚ್ಚು ಗಟ್ಟಿಯಾಗಿರುತ್ತದೆ. ಚಿಕ್ಕ ಕೊಳದ ದೊಡ್ಡ ಮೀನು ಎಂಬ ಹೆಸರಿನಿಂದ ಈ ಪರಿಣಾಮ ಪ್ರಸಿದ್ಧವಾಗಿದೆ. ನಾವು ನಮ್ಮನ್ನು ಇಡೀ ದೇಶದ ಜೊತೆ ಹೋಲಿಸಿಕೊಳ್ಳುವುದಿಲ್ಲ, ಪಕ್ಕದ ಬೆಂಚಿನವರ ಜೊತೆ ಹೋಲಿಸಿಕೊಳ್ಳುತ್ತೇವೆ.

ವಿಜ್ಞಾನ, ಎಂಜಿನಿಯರಿಂಗ್ ಓದಬೇಕೆಂದಿರುವ ಮಕ್ಕಳಿಗೆ ಇದು ಬರಿಯ ಮನಸ್ಸಿನ ಮಾತಲ್ಲ. ಮಾಲ್ಕಮ್ ಗ್ಲ್ಯಾಡ್‌ವೆಲ್ ಅವರು 2013ರ ತಮ್ಮ ‘ಡೇವಿಡ್ ಅಂಡ್ ಗೋಲಿಯತ್’ ಪುಸ್ತಕದಲ್ಲಿ 1990ರ ದಶಕದ ಸಂಶೋಧನೆಯೊಂದನ್ನು ಜನರ ಮುಂದಿಟ್ಟರು. ನ್ಯೂಯಾರ್ಕ್ ರಾಜ್ಯದ ಹಾರ್ಟ್‌ವಿಕ್ ಎಂಬ ಸಣ್ಣ ಕಾಲೇಜಿನಲ್ಲಿ ಗಣಿತದ ಎಸ್.ಎ.ಟಿ. ಅಂಕದ ಪ್ರಕಾರ ಮೇಲಿನ ಮೂರನೇ ಒಂದು ಭಾಗದವರು ವಿಜ್ಞಾನ ಪದವಿಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಪಡೆದಿದ್ದರು. ಕೆಳಗಿನ ಮೂರನೇ ಒಂದು ಭಾಗದವರ ಪಾಲು ಐದನೇ ಒಂದಕ್ಕಿಂತ ಕಡಿಮೆ. ಹಾರ್ವರ್ಡಿನಲ್ಲೂ ಹೆಚ್ಚುಕಡಿಮೆ ಇದೇ ಹಂಚಿಕೆ! ವಿಚಿತ್ರವೆಂದರೆ ಹಾರ್ವರ್ಡಿನ ಕೆಳಗಿನ ಭಾಗದವರ ಅಂಕ, ಹಾರ್ಟ್‌ವಿಕ್‌ನ ಮೇಲಿನ ಭಾಗದವರ ಅಂಕಕ್ಕೆ ಸಮನಾಗಿತ್ತು. ಅಂದರೆ ವಿಜ್ಞಾನವನ್ನು ಬಿಟ್ಟುಬಿಡುವಂತೆ ಮಾಡುವುದರಲ್ಲಿ ದಡ್ಡತನಕ್ಕಿಂತ, ತರಗತಿಯಲ್ಲಿ ತಾನು ಹಿಂದಿದ್ದೇನೆ ಎಂಬ ಭಾವನೆಯ ಕೈ ದೊಡ್ಡದಿರಬಹುದು.

ಎದ್ದು ಕಾಣುವ ಮಗುವಿಗೆ ಇನ್ನೊಂದು ಅನುಕೂಲವೂ ಇದೆ. ಪ್ರೊಫೆಸರರಿಗೆ ಅವಳ ಹೆಸರು ಗೊತ್ತಿರುತ್ತದೆ. ಎರಡನೆಯ ವರ್ಷದಲ್ಲೇ ಪ್ರಯೋಗಾಲಯಕ್ಕೆ ಕರೆಯುತ್ತಾರೆ. ಮುಂದೆ ಮೆಡಿಕಲ್ ಕಾಲೇಜಿಗೋ ಪಿಎಚ್.ಡಿ.ಗೋ ಶಿಫಾರಸು ಪತ್ರ ಬರೆಯುವಾಗ ಅವರಿಗೆ ಹೇಳಲು ಮಾತಿರುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆಯಲ್ಲಿ 1988ರಲ್ಲಿ ಸ್ಥಾಪನೆಯಾದ ಮೈಯರ್‌ಹಾಫ್ ಸ್ಕಾಲರ್ಸ್ ಕಾರ್ಯಕ್ರಮ. ವಿಜ್ಞಾನದಲ್ಲಿ ಆಸಕ್ತಿಯಿರುವ ಮಕ್ಕಳನ್ನು ಆರಿಸಿ, ಒಟ್ಟಿಗೆ ಓದಿಸಿ, ಬೇಗನೆ ಸಂಶೋಧನೆಗೆ ಹಚ್ಚುವುದು ಅದರ ಕ್ರಮ. ಕೋವಿಡ್ ಕಾಲದ ಮಾಡರ್ನಾ ಲಸಿಕೆಯ ಹಿಂದಿನ ಸಂಶೋಧನೆಯಲ್ಲಿ ಮುಖ್ಯ ಪಾತ್ರ ವಹಿಸಿದ ಕಿಜ್‌ಮೇಕಿಯಾ ಕಾರ್ಬೆಟ್ ಅದೇ ಕಾರ್ಯಕ್ರಮದಲ್ಲಿ ಓದಿ 2008ರಲ್ಲಿ ಪದವಿ ಪಡೆದವರು. ಅವರು ಓದಿದ ಕಾಲೇಜಿನ ಹೆಸರು ನಮ್ಮಲ್ಲಿ ಎಷ್ಟು ಜನರ ಬಾಯಲ್ಲಿದೆ?

ಹಾಳೂರಿಗೆ ಉಳಿದವನೇ ಗೌಡ

ಇಷ್ಟು ಓದಿ, ‘ಹಾಗಾದರೆ ಸುಲಭದ ಕಾಲೇಜಿಗೆ ಹಾಕಿಬಿಡೋಣ, ಅಲ್ಲಿ ನಮ್ಮ ಮಗನೇ ರಾಜ’ ಎಂದುಕೊಳ್ಳುವುದು ಬೇಡ. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಪೈಪೋಟಿ ಇಲ್ಲದ ಕಡೆ ಮೊದಲಿಗನಾಗಿ ನಾಲ್ಕು ವರ್ಷ ಕಳೆದವನು ಆಮೇಲೆ ಹೊರಜಗತ್ತಿನಲ್ಲಿ ತಡವರಿಸಬಹುದು. ಎದ್ದು ಕಾಣುವುದು ಬೇರೆ, ಒಂಟಿಯಾಗಿ ನಿಲ್ಲುವುದು ಬೇರೆ.

ನಮ್ಮ ಅಭಿಪ್ರಾಯದಲ್ಲಿ ಅಳತೆಗೋಲು ಇಷ್ಟು: ಮಗು ಮೇಲಿನ ಮೂರನೇ ಒಂದು ಭಾಗದಲ್ಲಿ ಇರಬೇಕು, ಆದರೆ ಅವಳಿಗೆ ಸರಿಸಮನಾದವರು, ಅವಳನ್ನು ಮೀರಿಸುವವರು ಒಂದಷ್ಟು ಜನ ಪಕ್ಕದಲ್ಲೇ ಇರಬೇಕು. ದೊಡ್ಡ ಸ್ಟೇಟ್ ಯೂನಿವರ್ಸಿಟಿಗಳ ಆನರ್ಸ್ ಕಾಲೇಜುಗಳು ಹುಟ್ಟಿದ್ದೇ ಇದಕ್ಕಾಗಿ. ಅರಿಜೋನಾ ಸ್ಟೇಟ್‌ನ ಬ್ಯಾರೆಟ್ 1988ರಿಂದಲೂ, ಪೆನ್ ಸ್ಟೇಟ್‌ನ ಶ್ರೇಯರ್ 1997ರಿಂದಲೂ ಇವೆ. ಚಿಕ್ಕ ತರಗತಿ, ಒಟ್ಟಿಗೆ ವಾಸ, ಕೊನೆಯಲ್ಲಿ ಒಂದು ಪ್ರಬಂಧ ಇಂಥ ಕಡೆಯ ಸಾಮಾನ್ಯ ಕ್ರಮ. ಆದರೆ ‘ಆನರ್ಸ್’ ಎಂಬ ಪದ ಎಲ್ಲ ಕಡೆಯೂ ಒಂದೇ ತೂಕದ್ದಲ್ಲ. ಕೆಲವು ಕಡೆ ಅದು ನಿಜವಾದ ಕಾಲೇಜು, ಕೆಲವು ಕಡೆ ಬರಿಯ ಹಾಸ್ಟೆಲ್ ಕಟ್ಟಡದ ಹೆಸರು.

ಹಾಗಾಗಿ ಕಾಲೇಜು ನೋಡಲು ಹೋದಾಗ ಗೈಡ್ ತೋರಿಸುವ ಜಿಮ್ಮು, ಊಟದ ಮನೆಗಳನ್ನು ನೋಡಿ ಖುಷಿಪಟ್ಟ ಮೇಲೆ ಈ ಪ್ರಶ್ನೆಗಳನ್ನು ಕೇಳಿ:

ಮಗುವಿನ ವಿಷಯದಲ್ಲಿ ಮೂರನೆಯ, ನಾಲ್ಕನೆಯ ವರ್ಷದ ಕಠಿಣ ಕೋರ್ಸುಗಳು ಪ್ರತಿ ವರ್ಷ ನಡೆಯುತ್ತವೆಯೇ, ಪಟ್ಟಿಯಲ್ಲಿ ಮಾತ್ರ ಇವೆಯೇ?

ಕಳೆದ ವರ್ಷ ಈ ವಿಭಾಗದಿಂದ ಹೊರಬಂದವರು ಎಲ್ಲಿಗೆ ಹೋದರು? ಕೆಲಸಕ್ಕೆ ಎಲ್ಲಿ, ಮುಂದಿನ ಓದಿಗೆ ಎಲ್ಲಿ?

ಪದವಿಗೆ ಮುಂಚಿನ ವಿದ್ಯಾರ್ಥಿಗಳಿಗೆ ಪ್ರಯೋಗಾಲಯದಲ್ಲಿ ಜಾಗವಿದೆಯೇ, ಅದು ಯಾವ ವರ್ಷದಿಂದ?

ನಾಲ್ಕು ವರ್ಷದಲ್ಲಿ ಪದವಿ ಮುಗಿಸುವವರು ಎಷ್ಟು ಜನ? (ಐದನೆಯ ವರ್ಷ ಎಂದರೆ ಇನ್ನೊಂದು ವರ್ಷದ ಫೀಜು.)

ಕೇಂದ್ರ ಶಿಕ್ಷಣ ಇಲಾಖೆಯ ‘ಕಾಲೇಜ್ ಸ್ಕೋರ್‌ಕಾರ್ಡ್’ನಲ್ಲಿ ಪ್ರತಿ ಕಾಲೇಜಿನ ಪದವಿ ಪ್ರಮಾಣ, ವಿಷಯವಾರು ಗಳಿಕೆ, ಸಾಲದ ವಿವರಗಳು ಉಚಿತವಾಗಿ ಸಿಗುತ್ತವೆ. ಪತ್ರಿಕೆಗಳ ರ‍್ಯಾಂಕಿಂಗಿಗಿಂತ ಇದನ್ನು ನೋಡುವುದು ಮೇಲು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಹತ್ತಿರ ಹೋಗಿ ನೋಡಿದರೆ ತಾನೇ ಕಲ್ಲುಮುಳ್ಳು ಕಾಣುವುದು?

ಓದುವ ವಿಷಯಕ್ಕೆ ತಕ್ಕಂತೆ ಲೆಕ್ಕ

ಎಂಜಿನಿಯರಿಂಗ್: ಅಬೆಟ್ ಮಾನ್ಯತೆ ಇರುವ ಪದವಿಗಳಿಗೆಲ್ಲ ಕನಿಷ್ಠ ಗುಣಮಟ್ಟ ಗೊತ್ತುಪಡಿಸಲಾಗಿದೆ. ಹೆಸರಿಗಿಂತ ಇಂಟರ್ನ್‌ಶಿಪ್ ಮತ್ತು ಕೈಕೆಲಸದ ಅನುಭವಕ್ಕೆ ಇಲ್ಲಿ ಬೆಲೆ ಹೆಚ್ಚು. ಒಂದು ಎಚ್ಚರಿಕೆ: ವಿಶ್ವವಿದ್ಯಾಲಯಕ್ಕೆ ಪ್ರವೇಶ ಸಿಗುವುದು ಬೇರೆ, ಬೇಕಾದ ವಿಭಾಗಕ್ಕೆ ಸಿಗುವುದು ಬೇರೆ. ಬರ್ಕ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯ ಮುಂತಾದ ಕಡೆ ಬೇರೆ ವಿಷಯಕ್ಕೆ ಸೇರಿಕೊಂಡು ಆಮೇಲೆ ಕಂಪ್ಯೂಟರ್ ಸೈನ್ಸಿಗೆ ಬದಲಾಯಿಸಿಕೊಳ್ಳುವುದು ಬಹಳ ಕಷ್ಟ. ದೊಡ್ಡ ಹೆಸರಿನ ಕಡೆ ಬೇಡದ ವಿಷಯ ಓದುವುದಕ್ಕಿಂತ, ಬೇಕಾದ ವಿಷಯಕ್ಕೆ ನೇರ ಪ್ರವೇಶ ಕೊಡುವ ಕಾಲೇಜು ವಾಸಿ.

ವೈದ್ಯಕೀಯ: ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುವವರಲ್ಲಿ ಸೀಟು ಸಿಗುವುದು ಅರ್ಧಕ್ಕಿಂತ ಕಡಿಮೆ ಜನರಿಗೆ. ಒಳಗೆ ಬರುವವರ ಸರಾಸರಿ ಜಿ.ಪಿ.ಎ. 3.75ಕ್ಕಿಂತ ಮೇಲೆ. ಆಯ್ಕೆ ಸಮಿತಿ ಕಾಲೇಜಿನ ಹೆಸರನ್ನು ನೋಡುತ್ತದೆ, ಆದರೆ ಜಿ.ಪಿ.ಎ. ಮತ್ತು ಎಂಕ್ಯಾಟ್ ಅಂಕಗಳ ಜಾಗವನ್ನು ಅದು ತುಂಬಲಾರದು. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಎಲ್ಲಿ ಕಾಲೂರಿ ನಿಲ್ಲಬಲ್ಲಳು ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಹೈಸ್ಕೂಲಿನಿಂದಲೇ ಮೆಡಿಕಲ್ ಸೀಟು ಕಾದಿರಿಸುವ ಬಿ.ಎಸ್.-ಎಂ.ಡಿ. ಕಾರ್ಯಕ್ರಮಗಳೂ ಇವೆ. ಐವಿ ಲೀಗಿನಲ್ಲಿ ಬ್ರೌನ್ ಒಂದರಲ್ಲೇ ಅಂಥದ್ದಿದೆ. ಉಳಿದವು ಹೆಚ್ಚಾಗಿ ಅಷ್ಟು ಹೆಸರಿಲ್ಲದ ಕಾಲೇಜುಗಳಲ್ಲಿವೆ. ಕಾನ್ಸಾಸ್ ಸಿಟಿಯಲ್ಲಿರುವ ಮಿಸೌರಿ ವಿಶ್ವವಿದ್ಯಾಲಯದ ಕಾರ್ಯಕ್ರಮ ಆರೇ ವರ್ಷದ್ದು. ಡಾಕ್ಟರಾಗುವುದು ಖಚಿತ ಎನ್ನುವ ಮಗುವಿಗೆ ಇದು ವರ. ಹದಿನೇಳಕ್ಕೇ ಖಚಿತವಿಲ್ಲದ ಮಗುವಿಗೆ ಇದೇ ಕಟ್ಟು.

ಅಂಕಗಳ ಬಗ್ಗೆ ಒಂದು ಮಾತು: ದೊಡ್ಡ ಕಾಲೇಜುಗಳಲ್ಲೆಲ್ಲ ಅಂಕ ಬಿಗಿ ಎಂಬುದು ಪೂರ್ತಿ ನಿಜವಲ್ಲ. ಹಾರ್ವರ್ಡಿನಲ್ಲಿ ಕೊಡುವ ಗ್ರೇಡುಗಳಲ್ಲಿ ಸುಮಾರು ಶೇಕಡಾ 60 ‘ಎ’ ಎಂದು 2025ರಲ್ಲಿ ಆ ಸಂಸ್ಥೆಯ ವರದಿಯೇ ಹೇಳಿತು. ಪ್ರಿನ್ಸ್‌ಟನ್ ಮಾತ್ರ 2004ರಿಂದ 2014ರವರೆಗೆ ‘ಎ’ಗಳಿಗೆ ಶೇಕಡಾ 35ರ ಮಿತಿಯ ಗುರಿ ಇಟ್ಟುಕೊಂಡಿತ್ತು. ಆದ್ದರಿಂದ ನಿರ್ದಿಷ್ಟ ಕಾಲೇಜಿನ, ನಿರ್ದಿಷ್ಟ ವಿಭಾಗದ ಹಿರಿಯ ವಿದ್ಯಾರ್ಥಿಗಳನ್ನೇ ವಿಚಾರಿಸುವುದು ಒಳ್ಳೆಯದು.

ದುಡ್ಡಿನ ಮಾತು ಮೊದಲೇ ಆಗಲಿ

ಐವಿ ಲೀಗಿನ ಎಂಟು ಕಾಲೇಜುಗಳಲ್ಲಿ ಯಾವುದೂ ಅಂಕ, ಪ್ರತಿಭೆಗಳ ಆಧಾರದ ಮೇಲೆ ಸ್ಕಾಲರ್‌ಶಿಪ್ ಕೊಡುವುದಿಲ್ಲ. ಅವು ನೋಡುವುದು ಕುಟುಂಬದ ಆದಾಯ, ಆಸ್ತಿಯನ್ನು ಮಾತ್ರ. ಆದಾಯ ಕಡಿಮೆಯಿದ್ದರೆ ಈ ಕಾಲೇಜುಗಳು ಬಹಳ ಉದಾರಿಗಳು: 2025-26ರಿಂದ ಹಾರ್ವರ್ಡಿನಲ್ಲಿ ವರ್ಷಕ್ಕೆ 2,00,000 ಡಾಲರಿನೊಳಗೆ ಆದಾಯವಿರುವ, ಸಾಮಾನ್ಯ ಮಟ್ಟದ ಆಸ್ತಿಯಿರುವ ಕುಟುಂಬಗಳಿಗೆ ಬೋಧನಾ ಶುಲ್ಕವಿಲ್ಲ. ಅಂಥ ಮನೆಗೆ ಹೆಸರಾಂತ ಕಾಲೇಜೇ ಅಗ್ಗವಾಗಿಬಿಡಬಹುದು. ಗಂಡ ಹೆಂಡತಿ ಇಬ್ಬರೂ ದುಡಿಯುವ ನಮ್ಮ ಅನೇಕ ಮನೆಗಳದು ಬೇರೆ ಪಾಡು. ಸಹಾಯ ಸಿಗಲು ಆದಾಯ ಹೆಚ್ಚು, ಪೂರ್ತಿ ಕಟ್ಟಲು ಆದಾಯ ಕಡಿಮೆ!

ಲೆಕ್ಕ ಹಾಕಿ ನೋಡೋಣ. ಅನೇಕ ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಈಗ ಊಟ ವಸತಿ ಸೇರಿ ವರ್ಷಕ್ಕೆ ಸುಮಾರು 90,000 ಡಾಲರ್. ಸ್ವಂತ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸುಮಾರು 30,000. ನಾಲ್ಕು ವರ್ಷಕ್ಕೆ 3,60,000 ಮತ್ತು 1,20,000. ಅಂತರ 2,40,000 ಡಾಲರ್. ಸ್ಕಾಲರ್‌ಶಿಪ್ ಸಿಕ್ಕರೆ ಅಂತರ ಇನ್ನೂ ಹೆಚ್ಚು. ಅಷ್ಟು ಹಣವನ್ನು ಮೊದಲ ಪದವಿಗೇ ಸುರಿಯಬೇಕೇ, ಎರಡನೆಯ ಪದವಿಗೆ ಉಳಿಸಿಕೊಳ್ಳಬೇಕೇ?

ಈ ಪ್ರಶ್ನೆ ಈಗ ಇನ್ನೂ ತುರ್ತಿನದಾಗಿದೆ. 2025ರ ಕಾಯಿದೆಯಂತೆ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ತಂದೆತಾಯಿಗೆ ಪೇರೆಂಟ್ ಪ್ಲಸ್ ಸಾಲ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರಿಗೆ ಮಿತವಾಗಿದೆ. ಮೆಡಿಕಲ್, ಲಾ ಮುಂತಾದ ವೃತ್ತಿ ಪದವಿಗಳಿಗೆ ಸರ್ಕಾರದ ಸಾಲ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್. ಅದರ ಮೇಲೆ ಬೇಕಾದದ್ದಕ್ಕೆ ಖಾಸಗಿ ಬ್ಯಾಂಕೇ ಗತಿ. ಡಾಕ್ಟರಾಗುವ ಕನಸಿರುವ ಮಗುವಿನ ಮನೆಯಲ್ಲಿ ಮೊದಲ ನಾಲ್ಕು ವರ್ಷಕ್ಕೇ ಕೈ ಖಾಲಿಯಾದರೆ ಮುಂದಿನ ನಾಲ್ಕು ವರ್ಷ ಕಷ್ಟ.

ಮೂರು ಕೆಲಸಗಳನ್ನು ತಪ್ಪದೆ ಮಾಡಿ. ಒಂದು, ಅರ್ಜಿ ಹಾಕುವ ಮುಂಚೆಯೇ ಪ್ರತಿ ಕಾಲೇಜಿನ ನೆಟ್ ಪ್ರೈಸ್ ಕ್ಯಾಲ್ಕುಲೇಟರಿನಲ್ಲಿ ನಿಮ್ಮ ಆದಾಯ ಹಾಕಿ ನೋಡಿ. ಕೇಂದ್ರದ ವಿದ್ಯಾರ್ಥಿ ನೆರವು ಪಡೆಯುವ ಕಾಲೇಜುಗಳು 2011ರಿಂದ ಇದನ್ನು ಕಡ್ಡಾಯವಾಗಿ ಒದಗಿಸಬೇಕು. ಎರಡು, ಅರ್ಲಿ ಡಿಸಿಷನ್ ಅರ್ಜಿಗೆ ಸಹಿ ಹಾಕುವ ಮುನ್ನ ಎರಡು ಸಲ ಯೋಚಿಸಿ. ಅದರಲ್ಲಿ ಪ್ರವೇಶ ಸಿಕ್ಕರೆ ಸೇರುವುದಾಗಿ ಮಾತು ಕೊಟ್ಟಂತೆ, ಬೇರೆ ಕಾಲೇಜುಗಳ ಸ್ಕಾಲರ್‌ಶಿಪ್ ಹೋಲಿಸಿ ನೋಡುವ ಅವಕಾಶ ಇರುವುದಿಲ್ಲ. ಮೂರು, ನಿಮ್ಮಿಂದ ಆಗುವುದು ಎಷ್ಟು ಎಂದು ಮಗುವಿಗೆ ಬೇಸಿಗೆಯಲ್ಲೇ ಅಂಕಿಯಲ್ಲಿ ಹೇಳಿ. ಸೇರಬಹುದು ಎಂದು ಆಸೆ ಹುಟ್ಟಿಸಿ ಏಪ್ರಿಲಿನಲ್ಲಿ ಇಲ್ಲ ಎನ್ನುವುದಕ್ಕಿಂತ ಅದು ಮೇಲು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹೇಳುವ ಮೊದಲು ಹಾಸಿಗೆಯ ಉದ್ದ ತೋರಿಸಬೇಕಲ್ಲವೇ?

ಮಗುವಿನ ಸ್ವಭಾವವೇ ಕೊನೆಯ ಮಾತು

ಅಂಕಿಅಂಶಗಳೆಲ್ಲ ಸರಾಸರಿಯ ಮಾತು. ನಮ್ಮ ಮನೆಯಲ್ಲಿರುವುದು ಒಂದೇ ಒಂದು ಮಗು, ಅದಕ್ಕೆ ಅದರದೇ ಸ್ವಭಾವ. ಗಣಿತದ ಕ್ಯಾಂಪಿನಲ್ಲೋ, ರಾಜ್ಯಮಟ್ಟದ ಆರ್ಕೆಸ್ಟ್ರಾದಲ್ಲೋ, ಸಂಗೀತ ಸ್ಪರ್ಧೆಯಲ್ಲೋ ತನಗಿಂತ ಮೇಲಿನವರನ್ನು ಮೊದಲ ಸಲ ಕಂಡಾಗ ಅವಳು ಏನು ಮಾಡಿದಳು ನೆನಪಿಸಿಕೊಳ್ಳಿ. ಮನೆಗೆ ಬಂದು ಇನ್ನೂ ಎರಡು ಗಂಟೆ ಹೆಚ್ಚು ಅಭ್ಯಾಸ ಮಾಡಿದಳೇ? ವಯೊಲಿನ್ ಪೆಟ್ಟಿಗೆ ಮುಚ್ಚಿ ಮೂಲೆಗಿಟ್ಟಳೇ? ಮೊದಲನೆಯ ಬಗೆಯವಳಿಗೆ ಚುರುಕಾದವರ ಗುಂಪೇ ಗೊಬ್ಬರ. ಎರಡನೆಯ ಬಗೆಯವಳಿಗೆ ಬೇರು ಇಳಿಯಲು ಸ್ವಲ್ಪ ಜಾಗ, ಸ್ವಲ್ಪ ಹೊಗಳಿಕೆ ಬೇಕು. ಎರಡೂ ಒಳ್ಳೆಯ ಸ್ವಭಾವಗಳೇ. ಮಗುವನ್ನು ಆ ಕಾಲೇಜಿನಲ್ಲಿ ಒಂದು ರಾತ್ರಿ ಇರಲು, ಎರಡನೆಯ ವರ್ಷದ ಒಂದು ತರಗತಿಯಲ್ಲಿ ಕೂರಲು ಬಿಟ್ಟರೆ ಬಹಳ ಸಲ ಉತ್ತರ ಅವಳಿಗೇ ಹೊಳೆಯುತ್ತದೆ.

ಒಟ್ಟಿನಲ್ಲಿ ನಮ್ಮ ಸಲಹೆ ಹೀಗಿದೆ. ಖರ್ಚು ಹೆಚ್ಚುಕಡಿಮೆ ಸಮವಾಗಿದ್ದು, ಮಗು ಮೇಲಿನವರನ್ನು ಕಂಡು ಹುಮ್ಮಸ್ಸು ಪಡೆಯುವಂಥವಳಾಗಿದ್ದರೆ ಹೆಸರಾಂತ ಕಾಲೇಜಿಗೆ ಧೈರ್ಯವಾಗಿ ಕಳಿಸಿ. ಅವಳು ಹಿಡಿಯಬೇಕೆಂದಿರುವ ದಾರಿಗೆ ಆ ಹೆಸರೇ ಬೇಕಿದ್ದರೂ ಅಷ್ಟೆ. ಉಳಿದಂತೆ, ಬೇಕಾದ ವಿಷಯ, ಸರಿಸಮನಾದ ಸಂಗಾತಿಗಳು, ಹೆಸರು ಹಿಡಿದು ಕರೆಯುವ ಪ್ರೊಫೆಸರರು, ಸಾಲವಿಲ್ಲದ ಪದವಿ ಇವು ನಾಲ್ಕೂ ಒಂದು ಕಡೆ ಸಿಕ್ಕರೆ ಆ ಕಾಲೇಜಿನ ಹೆಸರು ಏನೇ ಇರಲಿ, ಅದನ್ನು ಬಿಡಬೇಡಿ.

ನಿರ್ಧಾರ ಆದ ಮೇಲೆ ಅದನ್ನು ಮತ್ತೆ ಕೆದಕದಿರುವುದೂ ಮುಖ್ಯ. ‘ಪ್ರವೇಶ ಸಿಕ್ಕಿತ್ತು, ನಾವೇ ಕಳಿಸಲಿಲ್ಲ’ ಎಂದು ನೆಂಟರ ಮುಂದೆ ಹೇಳಿಕೊಂಡರೂ, ‘ನಿನಗಾಗಿ ಇಷ್ಟು ಸುರಿದೆವು’ ಎಂದು ಮಗುವಿನ ಮುಂದೆ ಹೇಳಿದರೂ ಭಾರ ಬೀಳುವುದು ಅದೇ ಎಳೆಯ ಹೆಗಲ ಮೇಲೆ.

ಕೊನೆಯದಾಗಿ ನಮ್ಮ ಬಂಧುಗಳೆಲ್ಲರಲ್ಲಿ ಒಂದು ವಿನಂತಿ. ಈ ಸಲದ ರಾಜ್ಯೋತ್ಸವದಲ್ಲೋ ಯುಗಾದಿ ಊಟದ ಸಾಲಿನಲ್ಲೋ ಹೊಸದಾಗಿ ಕಾಲೇಜು ಸೇರಿದ ಮಕ್ಕಳು ಸಿಕ್ಕಾಗ ನಾವೆಲ್ಲ ಮೊದಲು ಕೇಳುವುದು ‘ಯಾವ ಕಾಲೇಜು, ಪುಟ್ಟ?’ ಎಂದು. ಒಂದು ಹೆಸರಿಗೆ ಕಣ್ಣರಳಿಸಿ ‘ಓಹೋ!’ ಎನ್ನುತ್ತೇವೆ, ಇನ್ನೊಂದಕ್ಕೆ ‘ಹೌದಾ, ಒಳ್ಳೆಯದು’ ಎಂದು ಅನ್ನ ಬಡಿಸಿಕೊಂಡು ಮುಂದೆ ಹೋಗುತ್ತೇವೆ. ಎರಡರ ನಡುವಿನ ವ್ಯತ್ಯಾಸ ಮಕ್ಕಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಇನ್ನು ಮುಂದೆ ‘ಏನು ಓದುತ್ತಿದ್ದೀಯಮ್ಮ? ಅದರಲ್ಲಿ ನಿನಗೆ ಯಾವುದು ಇಷ್ಟ?’ ಎಂದು ಕೇಳೋಣ. ಆ ಪ್ರಶ್ನೆಗೆ ಎಲ್ಲ ಕಾಲೇಜಿನ ಮಕ್ಕಳ ಹತ್ತಿರವೂ ಉತ್ತರವಿರುತ್ತದೆ. ನಿಂತು ಕೇಳಿಸಿಕೊಳ್ಳೋಣ.

ಈ ವರ್ಷ ಅರ್ಜಿ ಬರೆಯುತ್ತಿರುವ ನಮ್ಮ ಮಕ್ಕಳಿಗೆಲ್ಲ ಶುಭವಾಗಲಿ.